ತಾಯಿಹಲಗೆಯ ಆಯ್ಕೆ

ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮಗನೋ ಮಗಳೋ ಇದ್ದು, ಅವರಿಗೆ ಕಂಪ್ಯೂಟರಿನ ಆಟಗಳಲ್ಲಿ ಅಭಿರುಚಿ ಬೆಳೆದಿದ್ದರೆ, ಒಂದಲ್ಲ ಒಂದು ರಾತ್ರಿ ಊಟದ ವೇಳೆಗೆ "ಮದರ್‌ಬೋರ್ಡ್ ಬದಲಾಯಿಸಬೇಕು" ಎಂಬ ಮಾತು ಬಂದೇ ಬರುತ್ತದೆ. "ಇರುವುದು ಕೆಟ್ಟಿತೇನು?" ಎಂದು ತಂದೆ ಕೇಳುತ್ತಾರೆ. ಕೆಟ್ಟಿಲ್ಲ, ಆದರೆ ಅದರಲ್ಲಿ ಓವರ್‌ಕ್ಲಾಕಿಂಗ್ ಸಾಧ್ಯವಿಲ್ಲ ಎಂಬುದು ಉತ್ತರ. ಬೆಲೆ ಎಷ್ಟೆಂದು ಕೇಳಿದ ತಾಯಿ ಸಾರಿನ ಸೌಟನ್ನು ಪಾತ್ರೆಯಲ್ಲಿಯೇ ಬಿಟ್ಟು ಗಂಡನ ಮುಖ ನೋಡುತ್ತಾರೆ. ಮೂವತ್ತು ನಲವತ್ತು ಸಾವಿರ ರೂಪಾಯಿ ಕೊಟ್ಟು ಒಂದು ಹಲಗೆಯನ್ನು ಕೊಳ್ಳುವುದೇ? ಅದೂ ಪೆಟ್ಟಿಗೆಯ ಒಳಗೆ, ಯಾರ ಕಣ್ಣಿಗೂ ಬೀಳದಂತೆ ಕುಳಿತಿರುವ ಹಲಗೆ!

ಈ ವ್ಯಾಜ್ಯದಲ್ಲಿ ಎರಡು ಪಕ್ಷಕ್ಕೂ ನ್ಯಾಯವುಂಟು. ಮದರ್‌ಬೋರ್ಡ್ ಎಂಬುದು ಒಮ್ಮೆ ಕೊಂಡ ಮೇಲೆ ಐದಾರು ವರ್ಷಗಳ ಕಾಲ ಉಳಿದೆಲ್ಲ ಖರೀದಿಗಳನ್ನೂ ಆಳುವ ವಸ್ತು. ಯಾವ ಪ್ರೊಸೆಸರ್ ಕೂಡಿಸಬಹುದು, ಯಾವ ಮೆಮೊರಿ ಹೊಂದುತ್ತದೆ, ಮುಂದೆ ಹೊಸದೊಂದು ಬಂದಾಗ ಹಳೆಯದನ್ನೇ ಸುಧಾರಿಸಬಹುದೋ ಅಥವಾ ಎಲ್ಲವನ್ನೂ ಕಿತ್ತೆಸೆಯಬೇಕೋ ಎಂಬುದನ್ನೆಲ್ಲ ನಿರ್ಧರಿಸುವುದು ಅದೇ. ಆದರೆ ಆಟವನ್ನು ಓಡಿಸುವುದು ಮಾತ್ರ ಅದಲ್ಲ. ಲೆಕ್ಕ ಮಾಡುವುದು ಪ್ರೊಸೆಸರ್. ಚಿತ್ರ ಬರೆಯುವುದು ಗ್ರಾಫಿಕ್ಸ್ ಕಾರ್ಡ್. ತಾಯಿಹಲಗೆ ಇವರಿಬ್ಬರನ್ನೂ ಕೂಡಿಸಿ, ವಿದ್ಯುತ್ತನ್ನು ಬಡಿಸಿ, ಒಬ್ಬರ ಮಾತನ್ನು ಮತ್ತೊಬ್ಬರಿಗೆ ಮುಟ್ಟಿಸುತ್ತದೆ. ಹೆಸರಿಗೆ ತಕ್ಕ ಕೆಲಸ! ಒಂದೇ ಪ್ರೊಸೆಸರನ್ನೂ ಒಂದೇ ಮೆಮೊರಿಯನ್ನೂ ಒಂದೇ ಗ್ರಾಫಿಕ್ಸ್ ಕಾರ್ಡನ್ನೂ ಎರಡು ಬೇರೆ ಬೇರೆ ಬೆಲೆಯ ಬೋರ್ಡುಗಳಲ್ಲಿ ಕೂಡಿಸಿ ನೋಡಿದರೆ, ಎರಡೂ ವಿದ್ಯುತ್ತನ್ನು ಸರಿಯಾಗಿ ಪೂರೈಸತಕ್ಕವಾದ ಪಕ್ಷದಲ್ಲಿ, ಆಟದ ವೇಗದಲ್ಲಿ ಕಣ್ಣಿಗೆ ಕಾಣುವಂಥ ಭೇದವೇನೂ ಇರದು. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಗಡಿಗೆ ಹೋದವರ ಕೈಯಲ್ಲಿ ಅರ್ಧ ಹಣ ಉಳಿಯುತ್ತದೆ.

ಹಾಗಾದರೆ ಓವರ್‌ಕ್ಲಾಕಿಂಗ್ ಎಂಬ ಮಾತಿಗೆ ಇಷ್ಟೊಂದು ಮೋಹಕತೆ ಬಂದದ್ದಾದರೂ ಎಲ್ಲಿಂದ? ಅದರ ಚರಿತ್ರೆ ಸ್ವಾರಸ್ಯವಾದದ್ದು.

ಪ್ರೊಸೆಸರಿನ ಕೆಲಸವೆಲ್ಲ ಒಂದು ಗಡಿಯಾರದ ಬಡಿತಕ್ಕೆ ಅನುಸಾರವಾಗಿ ನಡೆಯುತ್ತದೆ. 1981ರಲ್ಲಿ ಹೊರಬಂದ ಐಬಿಎಂ ಪಿಸಿಯಲ್ಲಿ ಆ ಬಡಿತ ಸೆಕೆಂಡಿಗೆ 47 ಲಕ್ಷಕ್ಕಿಂತ ಕೊಂಚ ಹೆಚ್ಚು, ಎಂದರೆ 4.77 ಮೆಗಾಹರ್ಟ್ಸ್. 1984ರಲ್ಲಿ ಅದೇ ಕಂಪನಿಯ ಏಟಿ ಎಂಬ ಯಂತ್ರ 6 ಮೆಗಾಹರ್ಟ್ಸ್ ವೇಗದಲ್ಲಿ ಬಂದಿತು. ಬಡಿತವನ್ನು ಹುಟ್ಟಿಸುವ ಸ್ಫಟಿಕದ ತುಣುಕೊಂದು ಅದರ ಬೋರ್ಡಿನ ಮೇಲೆ ಸಿಕ್ಕಿಸಿಟ್ಟಂತಿತ್ತು. ಅದನ್ನು ಕಿತ್ತು ಹೆಚ್ಚು ವೇಗದ ಮತ್ತೊಂದು ಸ್ಫಟಿಕವನ್ನು ಇಟ್ಟರೆ ಯಂತ್ರ 8 ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತಿತ್ತು. ಜನ ಹಾಗೆಯೇ ಮಾಡಿದರು. ಕಂಪನಿ ಸುಮ್ಮನಿರಲಿಲ್ಲ, ಆಮೇಲಿನ ಯಂತ್ರಗಳು ಹೊತ್ತಿಕೊಳ್ಳುವಾಗಲೇ ಬಡಿತವನ್ನು ಪರೀಕ್ಷಿಸಿ, ನಿಗದಿಗಿಂತ ವೇಗವಾಗಿದ್ದರೆ ಕೆಲಸಕ್ಕೆ ತೊಡಗದಂತೆ ಏರ್ಪಾಡು ಮಾಡಿತು. ಕೊಂಡವನ ಚಾತುರ್ಯಕ್ಕೂ ಮಾರಿದವನ ಬೀಗಕ್ಕೂ ನಡುವಣ ಪಂದ್ಯ ಅಂದಿನಿಂದಲೂ ನಡೆದು ಬಂದಿದೆ.

ಆ ಪಂದ್ಯದಲ್ಲಿ ಕೊಂಡವನು ಗೆದ್ದ ಅತ್ಯಂತ ಪ್ರಸಿದ್ಧವಾದ ಪ್ರಸಂಗ 1998ರದು. ಇಂಟೆಲ್ ಕಂಪನಿ ಬಡವರ ಪ್ರೊಸೆಸರ್ ಎಂಬಂತೆ ಮಾರುತ್ತಿದ್ದ ಸೆಲೆರಾನ್ 300ಎ ಎಂಬುದು ತಾಯಿಹಲಗೆಯಿಂದ 66 ಮೆಗಾಹರ್ಟ್ಸ್ ಬಡಿತವನ್ನು ಪಡೆದು, ಅದನ್ನು ನಾಲ್ಕೂವರೆಯಿಂದ ಗುಣಿಸಿ, 300 ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತಿತ್ತು. ಗುಣಕಕ್ಕೆ ಬೀಗ ಹಾಕಿದ್ದರು; ಹಲಗೆಯ ಬಡಿತಕ್ಕೆ ಹಾಕಿರಲಿಲ್ಲ. ಇಂಟೆಲ್‌ನದೇ 440ಬಿಎಕ್ಸ್ ಚಿಪ್‌ಸೆಟ್ ಇದ್ದ ಬೋರ್ಡಿನಲ್ಲಿ ಬಡಿತವನ್ನು 66ರಿಂದ 100ಕ್ಕೆ ಏರಿಸಿದರೆ, 300 ಇದ್ದದ್ದು ಒಂದೇ ನೆಗೆತಕ್ಕೆ 450 ಆಗುತ್ತಿತ್ತು. ಎಬಿಟ್ ಎಂಬ ತೈವಾನಿನ ಕಂಪನಿಯ ಬಿಎಚ್6 ಬೋರ್ಡಿನಲ್ಲಿ ಈ ಬದಲಾವಣೆಗೆ ಪೆಟ್ಟಿಗೆ ಬಿಚ್ಚುವ ಕೆಲಸವೂ ಇರಲಿಲ್ಲ. ಪರದೆಯ ಮೇಲಿನ ಪಟ್ಟಿಯಲ್ಲಿ ಸಂಖ್ಯೆಯನ್ನು ಬದಲಿಸಿದರೆ ಸಾಕು. ಹಲವು ಪಾಲು ಹೆಚ್ಚು ಬೆಲೆಯ ಪೆಂಟಿಯಂ 2 ಪ್ರೊಸೆಸರಿಗೆ ಸರಿಗಟ್ಟುವ ಆಟದ ವೇಗ ವಿದ್ಯಾರ್ಥಿಯ ಕಿಸೆಗೆ ನಿಲುಕಿತು. ಒಳ್ಳೆಯ ತಾಯಿಹಲಗೆ ಕೊಂಡರೆ ಕಡಿಮೆ ಹಣಕ್ಕೆ ಹೆಚ್ಚು ವೇಗ ಎಂಬ ನಂಬಿಕೆ ಬೇರೂರಿದ್ದು ಅಂಥ ದಿನಗಳಲ್ಲಿ. ಅದು ಆಗ ಅಕ್ಷರಶಃ ಸತ್ಯವಾಗಿತ್ತು.

ಇಂದು ಅದು ಸತ್ಯವಲ್ಲ. ಮಾತು ಮಾತ್ರ ಉಳಿದಿದೆ.

2011ರ ಜನವರಿಯಲ್ಲಿ ಇಂಟೆಲ್ ತನ್ನ ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರುಗಳನ್ನು ಹೊರತಂದಾಗ ಹಲಗೆಯ ಮೂಲ ಬಡಿತವನ್ನು ಇತರ ಅಂಗಗಳ ಬಡಿತದೊಡನೆ ಬಿಗಿದು ಕಟ್ಟಿತು. ಅದನ್ನು ಸ್ವಲ್ಪ ಮಿಸುಕಿಸಿದರೂ ಉಳಿದದ್ದೆಲ್ಲ ಅಲುಗಾಡತೊಡಗುವ ಸ್ಥಿತಿ. ಇನ್ನು ಉಳಿದದ್ದು ಗುಣಕವೊಂದೇ. ಅದರ ಬೀಗವನ್ನು ತೆಗೆದ ಪ್ರೊಸೆಸರುಗಳಿಗೆ ಹೆಸರಿನ ಕೊನೆಗೆ 'ಕೆ' ಅಕ್ಷರವನ್ನಿಟ್ಟು ಹೆಚ್ಚು ಬೆಲೆ ಕಟ್ಟಿದರು. ಬೀಗ ತೆಗೆದ ಪ್ರೊಸೆಸರಾದರೂ ಮೇಲ್ದರ್ಜೆಯ ಚಿಪ್‌ಸೆಟ್ ಇರುವ ಬೋರ್ಡಿನಲ್ಲಿ ಮಾತ್ರವೇ ಏರುವಂತೆ ಮತ್ತೊಂದು ಬಾಗಿಲನ್ನಿಟ್ಟರು. ಉಚಿತವಾಗಿ ದೊರೆಯುತ್ತಿದ್ದ ಲಾಭ ಎರಡು ಕಡೆ ಸುಂಕ ತೆತ್ತು ಪಡೆಯಬೇಕಾದ ಸರಕಾಯಿತು.

ಅದಕ್ಕಿಂತಲೂ ಮುಖ್ಯವಾದ ಕಾರಣವೊಂದುಂಟು. ಈಚಿನ ಪ್ರೊಸೆಸರುಗಳು ತಮ್ಮ ಶಾಖವನ್ನೂ ತಮಗೆ ದೊರೆಯುವ ವಿದ್ಯುತ್ತನ್ನೂ ತಾವೇ ಅಳೆದುಕೊಂಡು, ಅವಕಾಶವಿದ್ದಷ್ಟೂ ವೇಗವನ್ನು ತಾವೇ ಏರಿಸಿಕೊಳ್ಳುತ್ತವೆ. ಹಿಂದೆ ಕೊಂಡವನು ಹಿಂಡಿ ತೆಗೆಯುತ್ತಿದ್ದ ರಸವನ್ನು ಈಗ ಕಾರ್ಖಾನೆಯವರೇ ಹಿಂಡಿ ಕಳುಹಿಸುತ್ತಾರೆ. ಉಳಿದ ಹನಿಗೆ ತೆರಬೇಕಾದ ಬೆಲೆಯೂ ದುಬಾರಿ. ಪ್ರೊಸೆಸರ್ ಸೇವಿಸುವ ವಿದ್ಯುತ್ತು ಬಡಿತದ ಪ್ರಮಾಣದಲ್ಲಿಯೂ ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿಯೂ ಏರುತ್ತದೆ. ನೂರಕ್ಕೆ ಹತ್ತರಷ್ಟು ವೇಗಕ್ಕಾಗಿ ವೋಲ್ಟೇಜನ್ನೂ ಹತ್ತರಷ್ಟು ಏರಿಸಬೇಕಾಗಿ ಬಂದರೆ, ಶಾಖ ಏರುವುದು ಹತ್ತರಷ್ಟಲ್ಲ, ಮೂವತ್ತಮೂರರಷ್ಟು. ತಂಬೂರಿಯ ತಂತಿಯನ್ನು ಶ್ರುತಿಗೆ ಬಂದ ಮೇಲೂ ಬಿಗಿಯುತ್ತಲೇ ಹೋದವರಿಗೆ ಇದರ ಅರ್ಥ ಬೇಗ ಆದೀತು. 2022ರ ಕೊನೆಯಲ್ಲಿ ಇಂಟೆಲ್ ಪ್ರೊಸೆಸರೊಂದನ್ನು 9 ಗಿಗಾಹರ್ಟ್ಸ್‌ನ ಆಚೆಗೆ ಓಡಿಸಿದ್ದುಂಟು, ನಿಜ. ಆದರೆ ಅದನ್ನು ತಂಪಾಗಿಡಲು ಬಳಸಿದ್ದು ದ್ರವರೂಪದ ಹೀಲಿಯಂ. ಅದು ಕುದಿಯುವುದು ಸೊನ್ನೆಗಿಂತ 269 ಡಿಗ್ರಿ ಕೆಳಗೆ. ಅದು ಸರ್ಕಸ್ಸಿನ ಸಾಹಸ, ಸಂಸಾರಿಗಳ ಮಾತಲ್ಲ.

ಆಟದ ದೃಷ್ಟಿಯಿಂದ ನೋಡಿದರೆ ಇನ್ನೂ ವಿಚಿತ್ರವಾದ ಸಂಗತಿಯಿದೆ. ಎಎಂಡಿ ಕಂಪನಿಯ ಎಎಂ4 ಸಾಕೆಟ್ಟಿಗೆ ಬಂದ ಪ್ರೊಸೆಸರುಗಳಲ್ಲಿ ಆಟಕ್ಕೆ ಅತ್ಯುತ್ತಮವೆಂದು ಹೆಸರಾದದ್ದು 2022ರ ಏಪ್ರಿಲ್‌ನಲ್ಲಿ ಬಂದ ರೈಜನ್ 7 5800ಎಕ್ಸ್3ಡಿ. ಅದರ ಗುಟ್ಟು ಬಡಿತದಲ್ಲಿಲ್ಲ; ಪ್ರೊಸೆಸರಿನ ಮೇಲೆಯೇ ಅಟ್ಟದಂತೆ ಕೂಡಿಸಿದ ಹೆಚ್ಚುವರಿ ಕ್ಯಾಶ್ ಸ್ಮರಣೆಯಲ್ಲಿದೆ. ಒಟ್ಟು 96 ಮೆಗಾಬೈಟ್. ಬೇಕಾದ ಪದಾರ್ಥವೆಲ್ಲ ಒಲೆಯ ಪಕ್ಕದ ಗೂಡಿನಲ್ಲಿಯೇ ಇದ್ದರೆ ಉಗ್ರಾಣಕ್ಕೆ ಓಡುವ ಕೆಲಸವಿಲ್ಲವಲ್ಲ! ಈ ಪ್ರೊಸೆಸರಿಗೆ ಓವರ್‌ಕ್ಲಾಕಿಂಗ್ ಬೀಗ ಹಾಕಿಯೇ ಮಾರಿದರು, ಏಕೆಂದರೆ ಮೇಲಿನ ಅಟ್ಟ ಹೆಚ್ಚು ವೋಲ್ಟೇಜನ್ನು ತಾಳದು. ಆಟಕ್ಕಾಗಿ ಕೊಂಡ ಅತ್ಯುತ್ತಮ ಪ್ರೊಸೆಸರಿಗೆ ಓವರ್‌ಕ್ಲಾಕಿಂಗ್ ಬೋರ್ಡ್ ನಿರುಪಯೋಗಿಯಾಯಿತು. 2024ರ ನವೆಂಬರಿನಲ್ಲಿ ಬಂದ 9800ಎಕ್ಸ್3ಡಿಯಲ್ಲಿ ಆ ಸ್ಮರಣೆಯನ್ನು ಅಟ್ಟದಿಂದ ನೆಲಮಾಳಿಗೆಗೆ ಇಳಿಸಿ ಬೀಗವನ್ನು ತೆಗೆದಿದ್ದಾರೆ. ಆದರೂ ಅದರ ಹಿರಿಮೆ ಹೆಚ್ಚುವರಿ ಸ್ಮರಣೆಯದೇ ಹೊರತು ಏರಿಸಿದ ಬಡಿತದ್ದಲ್ಲ.

ಇಷ್ಟು ಹೇಳಿದ ಮೇಲೆ ತಾಯಿಹಲಗೆ ಯಾವುದಾದರೇನು ಎಂದು ತಂದೆಯವರು ಹಗುರಾಗಿ ಕುಳಿತುಕೊಳ್ಳುವಂತೆಯೂ ಇಲ್ಲ. ವೇಗವನ್ನು ಕೊಡಲಾರದ ಬೋರ್ಡು, ಕೆಟ್ಟದ್ದಾದರೆ, ಇರುವ ವೇಗವನ್ನು ಕಸಿದುಕೊಳ್ಳಬಲ್ಲದು. ಇಲ್ಲಿ ನೋಡತಕ್ಕದ್ದು ವಿದ್ಯುತ್ತಿನ ಏರ್ಪಾಡನ್ನು. ಕಂಪ್ಯೂಟರಿನ ಪವರ್ ಸಪ್ಲೈ 12 ವೋಲ್ಟನ್ನು ಕೊಡುತ್ತದೆ. ಪ್ರೊಸೆಸರಿಗೆ ಬೇಕಾದದ್ದು ಸುಮಾರು 1.2 ವೋಲ್ಟ್. 150 ವಾಟ್ ಸೇವಿಸುವ ಪ್ರೊಸೆಸರಿಗೆ ಆ ವೋಲ್ಟೇಜಿನಲ್ಲಿ ಹರಿಯಬೇಕಾದ ಪ್ರವಾಹ 125 ಆಂಪಿಯರ್! ಬಚ್ಚಲುಮನೆಯ ಗೀಸರಿನ ಪ್ಲಗ್ಗು 16 ಆಂಪಿಯರಿನದು ಎಂಬುದನ್ನು ನೆನೆದರೆ ಇದು ಎಂಥ ಪ್ರವಾಹವೆಂಬುದು ಮನಸ್ಸಿಗೆ ಬರುತ್ತದೆ. ಈ ಪರಿವರ್ತನೆಯನ್ನು ನಡೆಸುವುದು ಸಾಕೆಟ್ಟಿನ ಸುತ್ತ ಸಾಲಾಗಿ ಕುಳಿತ ವಿಆರ್‌ಎಂ ಎಂಬ ಭಾಗ. ಭಾರವನ್ನು ಹಲವು ಹೆಗಲುಗಳಿಗೆ ಹಂಚಿದಂತೆ ಅದನ್ನು ಹಲವು ಫೇಸುಗಳಿಗೆ ಹಂಚಿರುತ್ತಾರೆ. ಹೆಗಲುಗಳು ದುರ್ಬಲವಾಗಿದ್ದರೆ ಅವು ಕಾಯುತ್ತವೆ. ಕಾದಾಗ ಬೋರ್ಡ್ ಪ್ರೊಸೆಸರನ್ನು ನಿಧಾನಿಸುತ್ತದೆ. ಅಗ್ಗದ ಬೋರ್ಡಿನಲ್ಲಿ ದೊಡ್ಡ ಪ್ರೊಸೆಸರ್ ಕೂಡಿಸಿದವರು ಆಟದ ನಡುವೆ ವೇಗ ಕುಸಿಯಿತೆಂದು ಗ್ರಾಫಿಕ್ಸ್ ಕಾರ್ಡನ್ನು ಬೈಯುವುದುಂಟು. ತಪ್ಪು ಬೇರೆಯವರದು.

ಪೆಟ್ಟಿಗೆಯ ಮೇಲೆ ಅಚ್ಚು ಮಾಡಿದ ಫೇಸುಗಳ ಸಂಖ್ಯೆಯನ್ನು ಪೂರ್ತಿ ನಂಬುವಂತಿಲ್ಲ. ಒಂದೊಂದೂ ಎಷ್ಟು ಆಂಪಿಯರ್ ಹೊರಬಲ್ಲದು ಎಂಬುದೇ ಪ್ರಧಾನ. ಅದರ ಮೇಲಿನ ಲೋಹದ ಹೊದಿಕೆಯನ್ನೂ ಕಣ್ಣಿಟ್ಟು ನೋಡಬೇಕು. ಗಾಳಿಯಾಡುವ ಪದರಗಳಿರುವ ಭಾರವಾದ ಅಲ್ಯೂಮಿನಿಯಂ ಆದರೆ ಅದು ಶಾಖವನ್ನು ಹೊರಹಾಕುತ್ತದೆ. ಬಣ್ಣದ ದೀಪಗಳಿರುವ ಪ್ಲಾಸ್ಟಿಕ್ ಚಿಪ್ಪಾದರೆ ಶಾಖಕ್ಕೆ ಕಂಬಳಿ ಹೊದಿಸುತ್ತದೆ. ನಮ್ಮ ಸೀಮೆಯವರು ಮತ್ತೊಂದನ್ನು ಗಮನಿಸಬೇಕು. ಯಂತ್ರದ ಶಾಖ ಯಾವಾಗಲೂ ಕೋಣೆಯ ಶಾಖದ ಮೇಲೆ ಸೇರುವಂಥದು. ಬೆಂಗಳೂರಿನ ಡಿಸೆಂಬರಿನಲ್ಲಿ ನೆಮ್ಮದಿಯಿಂದ ಓಡಿದ ಅದೇ ಯಂತ್ರ ರಾಯಚೂರಿನಲ್ಲಿಯೋ ಕಲಬುರಗಿಯಲ್ಲಿಯೋ 40 ಡಿಗ್ರಿ ದಾಟಿದ ಮೇ ತಿಂಗಳ ಮಧ್ಯಾಹ್ನ ಹಾಗೆಯೇ ಓಡೀತೆಂದು ಭಾವಿಸಲಾಗದು. ತಂಪು ದೇಶದವರು ಪರೀಕ್ಷಿಸಿ ಬರೆದ ಅಂಕಿಗಳಿಗೆ ಹತ್ತು ಹದಿನೈದು ಡಿಗ್ರಿ ಕೂಡಿಸಿಯೇ ಓದಿಕೊಳ್ಳಬೇಕು.

ಬೀಗ ತೆಗೆದ ಬೋರ್ಡುಗಳಿಂದ ಆಪತ್ತೂ ಬಂದದ್ದುಂಟು. 2023ರ ಏಪ್ರಿಲ್‌ನಲ್ಲಿ ಎಎಂಡಿಯ ಹೊಸ ಎಎಂ5 ಬೋರ್ಡುಗಳಲ್ಲಿ ಕೆಲವು ಪ್ರೊಸೆಸರುಗಳು ಸುಟ್ಟು ಉಬ್ಬಿದುವು. ಮೆಮೊರಿಯ ವೇಗವರ್ಧನೆಯನ್ನು ಚಾಲೂ ಮಾಡಿದಾಗ ಬೋರ್ಡುಗಳು ಪ್ರೊಸೆಸರಿನ ಒಂದು ಭಾಗಕ್ಕೆ ಮಿತಿಮೀರಿದ ವೋಲ್ಟೇಜನ್ನು ಹರಿಸುತ್ತಿದ್ದುವು. ಆ ವೋಲ್ಟೇಜಿಗೆ 1.3ರ ಮೇರೆಯನ್ನು ಹಾಕಿದ ಹೊಸ ಬಯಾಸ್ ತಂತ್ರಾಂಶವನ್ನು ಕೂಡಲೆ ಹೊರಡಿಸಬೇಕಾಯಿತು. 2024ರಲ್ಲಿ ಇಂಟೆಲ್‌ನ ಸರದಿ. ಅದರ 13 ಮತ್ತು 14ನೆಯ ತಲೆಮಾರಿನ ದೊಡ್ಡ ಪ್ರೊಸೆಸರುಗಳು ಆಟದ ನಡುವೆ ಕುಸಿದು ಬೀಳತೊಡಗಿದುವು. ಪ್ರೊಸೆಸರ್ ತಾನೇ ಅತಿಯಾದ ವೋಲ್ಟೇಜನ್ನು ಬೇಡುವಂತೆ ಮಾಡಿದ ಮೈಕ್ರೋಕೋಡಿನ ದೋಷವನ್ನು ಕಂಪನಿ ಒಪ್ಪಿಕೊಂಡಿತು. ಅದರ ಜೊತೆಗೆ ವಿದ್ಯುತ್ತಿನ ಮಿತಿಗಳನ್ನು ತಮ್ಮಷ್ಟಕ್ಕೆ ತಾವೇ ಸಡಿಲಿಸಿ ಮಾರುತ್ತಿದ್ದ ಬೋರ್ಡ್ ತಯಾರಕರಿಗೆ, ನಿಗದಿಯಾದ ಮಿತಿಗಳನ್ನೇ ಮೊದಲಿಗೆ ಇಡುವಂತೆ ಸೂಚಿಸಿತು. ಆಗಸ್ಟಿನಿಂದ ಪರಿಹಾರಗಳು ಬಂದುವು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದರು; ಆದರೆ ಆಗಲೇ ಸವೆದುಹೋದ ಪ್ರೊಸೆಸರ್ ಮೊದಲಿನಂತಾಗಲಿಲ್ಲ. ಆದಕಾರಣ, ಬೋರ್ಡ್ ಕೊಳ್ಳುವ ಮುನ್ನ ಅದರ ತಯಾರಕರು ತಮ್ಮ ಹಳೆಯ ಬೋರ್ಡುಗಳಿಗೂ ಹೊಸ ಬಯಾಸ್ ಒದಗಿಸುತ್ತ ಬಂದಿದ್ದಾರೆಯೇ ಎಂದು ವಿಚಾರಿಸುವುದು, ದೀಪಗಳ ಬಣ್ಣವನ್ನು ವಿಚಾರಿಸುವುದಕ್ಕಿಂತ ಲೇಸು.

ಇನ್ನು ಆಯ್ಕೆಯ ಕ್ರಮ. ಹುಡುಗರು ಸಾಮಾನ್ಯವಾಗಿ ಬೋರ್ಡನ್ನು ಮೊದಲು ಮೆಚ್ಚಿ, ಆಮೇಲೆ ಅದಕ್ಕೆ ಪ್ರೊಸೆಸರನ್ನು ಹುಡುಕುತ್ತಾರೆ. ಇದು ಕಾಲುಂಗುರವನ್ನು ಕೊಂಡು ಕನ್ಯೆಯನ್ನು ಅರಸಿದಂತೆ. ಪ್ರೊಸೆಸರ್ ಮೊದಲು, ಅದಕ್ಕೆ ತಕ್ಕ ಸಾಕೆಟ್, ಆ ಸಾಕೆಟ್ಟಿನ ಮುಂದಣ ಆಯುಷ್ಯ.

ಆಯುಷ್ಯದ ಈ ಲೆಕ್ಕದಲ್ಲಿಯೇ ಮನೆಯ ಹಣ ಉಳಿಯುವುದೂ ಹೋಗುವುದೂ. 2017ರಲ್ಲಿ ಎಎಂ4 ಬೋರ್ಡ್ ಕೊಂಡವರು, ಅದರ ತಯಾರಕರು ಹೊಸ ಬಯಾಸ್ ಕೊಟ್ಟಿದ್ದರೆ, ಐದು ವರ್ಷಗಳ ಮೇಲೆ ಅದೇ ಬೋರ್ಡಿನಲ್ಲಿ 5800ಎಕ್ಸ್3ಡಿಯನ್ನು ಕೂಡಿಸಲು ಸಾಧ್ಯವಾಯಿತು. ಅದೇ 2017ರ ಆದಿಯಲ್ಲಿ ಇಂಟೆಲ್‌ನ ಝಡ್270 ಬೋರ್ಡ್ ಕೊಂಡವರಿಗಾದರೋ, ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಪ್ರೊಸೆಸರ್ ಕೂಡ ಒದಗಲಿಲ್ಲ. ಸಾಕೆಟ್ಟಿನ ಆಕಾರ ಒಂದೇ, ಹೆಸರಿನ ಸಂಖ್ಯೆಯೂ ಒಂದೇ, 1151; ಆದರೂ ಝಡ್370 ಬೇಕೆಂದರು. 2021ರ ಎಲ್‌ಜಿಎ 1700 ಮೂರು ತಲೆಮಾರುಗಳಿಗೆ ಒದಗಿತು. 2024ರ ಅಕ್ಟೋಬರಿನಲ್ಲಿ 1851 ಬಂದು ಅದನ್ನು ಮೂಲೆಗೆ ತಳ್ಳಿತು. ಎಎಂ5 ಆರಂಭವಾದದ್ದು 2022ರಲ್ಲಿ. 2027ರವರೆಗೂ ಅದರಾಚೆಗೂ ಅದನ್ನು ಪೋಷಿಸುವುದಾಗಿ ಎಎಂಡಿ ಘೋಷಿಸಿದೆ. ಮುಂದೊಂದು ಸಲ ಪ್ರೊಸೆಸರನ್ನಷ್ಟೇ ಬದಲಿಸುವ ಆಲೋಚನೆಯಿರುವ ಮನೆಗೆ ಈ ಘೋಷಣೆ ಯಾವ ಓವರ್‌ಕ್ಲಾಕಿಂಗ್ ಸೌಲಭ್ಯಕ್ಕಿಂತಲೂ ಬೆಲೆಯುಳ್ಳದ್ದು.

ಈಗಾಗಲೇ ಎಎಂ4 ಬೋರ್ಡ್ ಇದ್ದವರಿಗಂತೂ ಕೆಲವೊಮ್ಮೆ ತಾಯಿಹಲಗೆಯ ಅತ್ಯುತ್ತಮ ಆಯ್ಕೆಯೆಂದರೆ ಅದನ್ನು ಬದಲಾಯಿಸದೆ ಇರುವುದೇ. 2018ರ ಬಿ450 ಬೋರ್ಡಿನಲ್ಲಿ ರೈಜನ್ 5 2600 ಇಟ್ಟುಕೊಂಡಿರುವ ಹುಡುಗನನ್ನು ಊಹಿಸಿಕೊಳ್ಳಬಹುದು. ಅವನು ಎಎಂ5ಕ್ಕೆ ಹೋಗಬೇಕಾದರೆ ಬೋರ್ಡ್ ಹೊಸದು, ಪ್ರೊಸೆಸರ್ ಹೊಸದು, ಅಲ್ಲದೆ ಅಲ್ಲಿ ಡಿಡಿಆರ್5 ಮೆಮೊರಿಯೊಂದೇ ನಡೆಯುವುದರಿಂದ ಹಳೆಯ ಡಿಡಿಆರ್4 ತುಂಡುಗಳೂ ನಿಷ್ಪ್ರಯೋಜಕ. ಮೂರು ಖರ್ಚು. ಬದಲಾಗಿ ಬಯಾಸ್ ನವೀಕರಿಸಿ ರೈಜನ್ 5 5600ನ್ನು ಕೂಡಿಸಿದರೆ ಒಂದೇ ಖರ್ಚು. ಉಳಿದ ಹಣ ಗ್ರಾಫಿಕ್ಸ್ ಕಾರ್ಡಿಗೆ. ಆಟದಲ್ಲಿ ಕಣ್ಣಿಗೆ ಕಾಣುವ ಸುಧಾರಣೆ ಬರುವುದು ಬಹುಪಾಲು ಅಲ್ಲಿಂದಲೇ, ಅದರಲ್ಲಿಯೂ ದೊಡ್ಡ ಪರದೆಯ ಮೇಲೆ ಆಡುವವರಿಗೆ.

ಬೋರ್ಡ್ ಬದಲಿಸಲೇಬೇಕೆಂದಾದರೆ ಚಿಪ್‌ಸೆಟ್ಟಿನ ಅಕ್ಷರವನ್ನು ಓದಲು ಕಲಿತಿರಬೇಕು. ಇಂಟೆಲ್‌ನಲ್ಲಿ ಪ್ರೊಸೆಸರನ್ನು ಏರಿಸಲು 'ಝಡ್' ಬೋರ್ಡೂ 'ಕೆ' ಪ್ರೊಸೆಸರೂ ಎರಡೂ ಬೇಕು. ಒಂದಿದ್ದು ಒಂದಿಲ್ಲದಿದ್ದರೆ ಕೊಟ್ಟ ಹೆಚ್ಚಿನ ಹಣ ಗಂಗಾರ್ಪಣ. ಎಎಂಡಿಯವರು ಈ ವಿಷಯದಲ್ಲಿ ಉದಾರಿಗಳು: 'ಎಕ್ಸ್' ಬೋರ್ಡುಗಳಂತೆಯೇ ನಡುವಣ ದರ್ಜೆಯ ಬಿ650ರಲ್ಲಿಯೂ ಏರಿಸಬಹುದು, ಎ620ರಲ್ಲಿ ಆಗದು. ಆದುದರಿಂದ ಆಟದ ಮನೆಗೆ ವಿದ್ಯುತ್ತಿನ ಏರ್ಪಾಡು ಸರಿಯಾಗಿರುವ ನಡುದರ್ಜೆಯ 'ಬಿ' ಬೋರ್ಡ್ ಸಾಕು. ಅದರ ಮೇಲಿನ ಬೆಲೆಗೆ ಸಿಗುವುದು ಹೆಚ್ಚು ತೂತುಗಳು, ಹೆಚ್ಚು ದೀಪಗಳು, ಹೆಚ್ಚು ಜಂಬ. ಹವ್ಯಾಸಕ್ಕಾಗಿಯೇ ಓವರ್‌ಕ್ಲಾಕಿಂಗ್ ಮಾಡುವವರು ಬೇರೆ. ಗಾಳಿಪಟಕ್ಕೆ ಮಾಂಜಾ ಕಟ್ಟುವವನ ಆನಂದವನ್ನು ಲಾಭನಷ್ಟದ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಆದರೆ ಅಂಥವರು ಅದು ಆನಂದವೆಂದೇ ಹೇಳಿ ಹಣ ಕೇಳಬೇಕು, ವೇಗವೆಂದು ಹೇಳಿ ಕೇಳಬಾರದು. ಅದರಿಂದಾದ ಹಾನಿಗೆ ವಾರಂಟಿ ಸಾಮಾನ್ಯವಾಗಿ ಸಲ್ಲುವುದಿಲ್ಲವೆಂಬುದನ್ನೂ ಮೊದಲೇ ತಿಳಿಸಬೇಕು.

ಮೆಮೊರಿಯನ್ನು ಮಾತ್ರ ಅದರ ಪೆಟ್ಟಿಗೆಯ ಮೇಲೆ ಬರೆದ ವೇಗಕ್ಕೆ ತರುವುದು ಲಾಭದಾಯಕ. ಇಂಟೆಲ್‌ನಲ್ಲಿ ಎಕ್ಸ್ಎಂಪಿ, ಎಎಂಡಿಯಲ್ಲಿ ಎಕ್ಸ್ಪೋ ಎಂಬ ಒಂದು ಸ್ವಿಚ್ಚನ್ನು ಬಯಾಸಿನಲ್ಲಿ ಒತ್ತಬೇಕಾಗುತ್ತದೆ. ಒತ್ತದೆ ವರ್ಷಗಟ್ಟಲೆ ಅರೆವೇಗದಲ್ಲಿ ಆಡಿದವರೂ ಇದ್ದಾರೆ. ನಾಲ್ಕು ಸಂದುಗಳಿವೆಯೆಂದು ನಾಲ್ಕನ್ನೂ ತುಂಬಬಾರದು. ಡಿಡಿಆರ್5ರಲ್ಲಿ ನಾಲ್ಕು ತುಂಡುಗಳಾದರೆ ಭಾರ ಹೆಚ್ಚಿ ವೇಗ ಇಳಿಯುತ್ತದೆ. ರೈಜನ್ 7000ಕ್ಕೆ ಎಎಂಡಿಯೇ ಒಪ್ಪಿದ ವೇಗ ಎರಡು ತುಂಡುಗಳಿಗೆ 5200, ನಾಲ್ಕಕ್ಕೆ 3600. ದೊಡ್ಡವು ಎರಡೇ ಸಾಕು.

ಇನ್ನು ಕೊಳ್ಳುವ ಗಳಿಗೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೂ ಅಂಚೆಯಲ್ಲಿ ತರಿಸಿದರೂ ಪೆಟ್ಟಿಗೆಯನ್ನು ಬಿಚ್ಚಿ ನೋಡದೆ ಹಣ ಕೊಟ್ಟು ಬರುವುದು ಸರಿಯಲ್ಲ. ಹಿಂದೆ ಎಎಂ4ರಲ್ಲಿ ಸೂಜಿಯಂಥ ಮೊನೆಗಳು ಪ್ರೊಸೆಸರಿಗೆ ಇದ್ದುವು. ಇಂಟೆಲ್‌ನಲ್ಲಿಯೂ ಎಎಂ5ರಲ್ಲಿಯೂ ಅವು ಬೋರ್ಡಿನ ಸಾಕೆಟ್ಟಿನೊಳಗೆ ಇವೆ. ಎಎಂ5ರಲ್ಲಿ 1718 ಮೊನೆಗಳು, ಕೂದಲಿನಷ್ಟು ನವಿರು. ಒಂದು ಬಾಗಿದರೂ ಮೆಮೊರಿಯ ಒಂದು ಸಂದು ಸತ್ತಂತಾಗಬಹುದು, ಇಲ್ಲವೇ ಯಂತ್ರವೇ ಏಳದಿರಬಹುದು. ಬಾಗಿದ ಮೊನೆಗೆ ವಾರಂಟಿಯವರು ತಲೆದೂಗುವುದಿಲ್ಲ. ಅಂಗಡಿಯವನ ಎದುರಿನಲ್ಲಿಯೇ ಸಾಕೆಟ್ಟಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ತೆಗೆಸಿ, ದೀಪದ ಬೆಳಕಿಗೆ ಓರೆಯಾಗಿ ಹಿಡಿದು, ಸಾಲುಗಳು ನೇರವಾಗಿವೆಯೇ ಎಂದು ನೋಡಬೇಕು. ಬೆರಳು ತಾಗಿಸಬಾರದು. ಪ್ರೊಸೆಸರ್ ಕೂಡಿಸಿದ ಮೇಲೆ ಆ ಮುಚ್ಚಳವನ್ನು ಕಸದ ಬುಟ್ಟಿಗೆ ಹಾಕದೆ ಪೆಟ್ಟಿಗೆಯಲ್ಲಿ ತೆಗೆದಿಡಬೇಕು. ಬೋರ್ಡ್ ದುರಸ್ತಿಗೆ ಹೋಗುವ ದಿನ ಬಂದರೆ ಮೊನೆಗಳನ್ನು ಕಾಪಾಡಲು ಅದನ್ನೇ ಮತ್ತೆ ಮುಚ್ಚಿ ಕಳುಹಿಸಬೇಕಾಗುತ್ತದೆ.